ಬೆಟ್ಟದ ಊರಿಗೆ ಕೆಲಸಕ್ಕೆ ಹೋಗುವವರಿಗೆ: ಮನೆ ಹಿಡಿಯುವ ಮುಂಚೆ

(ಡರ್ಹಮ್‌ನಲ್ಲಿ ಕನ್ನಡ ಕೆಲಸಗಾರರಿಗಾಗಿ ನಡೆದ ಮಾಹಿತಿ ಸಭೆಯಲ್ಲಿ ಆಡಿದ ಮಾತು. ಓದಲು ಅನುಕೂಲವಾಗಲೆಂದು ನಡುವೆ ತಲೆಬರಹ ಸೇರಿಸಿದೆ.)



ವಾರಕ್ಕೆ ಇರೋದೇ ಒಂದು ರಜೆ. ಅದನ್ನೂ ಬಿಟ್ಟು ಬಂದಿದ್ದೀರಿ. ಅದಕ್ಕೆ ಸುತ್ತಿ ಬಳಸಿ ಮಾತಾಡಲ್ಲ.

ನಾನು ಸಕಲೇಶಪುರದ ಕಡೆಯವನು. 2022ರ ಆಗಸ್ಟ್‌ನಿಂದ ಮೂರು ವರ್ಷ ಬೂನ್ ಅನ್ನೋ ಊರಿನಲ್ಲಿದ್ದೆ. ಹೋಟೆಲಿನ ಅಡುಗೆಮನೆ ಕೆಲಸ. ಹೆಂಡತಿ, ಆಗ ನಾಲ್ಕು ವರ್ಷದ ಮಗಳು ಜೊತೆಗಿದ್ದರು. ಈಗ ಡರ್ಹಮ್‌ಗೆ ಬಂದಿದ್ದೀವಿ. ಇಲ್ಲಿಂದ ಬೂನ್, ಬ್ಲೋಯಿಂಗ್ ರಾಕ್, ಆಶ್‌ವಿಲ್ ಕಡೆಗೆ ಕೆಲಸಕ್ಕೆ ಹೊರಟವರು ನನಗೆ ಫೋನ್ ಮಾಡ್ತಾರೆ. ಹೋಟೆಲ್ ಟ್ರೈನಿಂಗಿಗೆ ಬಂದ ಮಂಗಳೂರಿನ ಹುಡುಗರು, ಆಸ್ಪತ್ರೆ ಕೆಲಸದ ಅಕ್ಕಂದಿರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡೋರು, ಎಲ್ಲರೂ ಕೇಳೋದು ಒಂದೇ: "ಅಣ್ಣ, ಅಲ್ಲಿ ಮನೆ ಹೇಗೆ?" ಒಬ್ಬೊಬ್ಬರಿಗೂ ಅರ್ಧರ್ಧ ಹೇಳೋ ಬದಲು ಇವತ್ತು ಪೂರ್ತಿ ಹೇಳ್ತೀನಿ.

ಎರಡೇ ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ಬೆಟ್ಟದ ಊರಿನ ಮನೆಯನ್ನ ನಾವು ನೋಡೋದು ಆಗಸ್ಟ್‌ನಲ್ಲಿ, ಬಾಳಬೇಕಾಗಿರೋದು ಜನವರಿಯಲ್ಲಿ. ಎರಡು, ಕೆಲಸ ಹೋದ ದಿನವೇ ಮನೆಯೂ ಹೋಗೋ ಹಾಗೆ ಕಾಗದ ಮಾಡಿಕೊಳ್ಳಬೇಡಿ. ಮಿಕ್ಕಿದ್ದೆಲ್ಲ ಇದರ ವಿವರ.

ಊರು ಎಂಥದ್ದು

ಬೂನ್ ಇಲ್ಲಿಂದ ಸುಮಾರು 160 ಮೈಲಿ. ವಿನ್‌ಸ್ಟನ್-ಸೇಲಂ ದಾಟಿ 421ನೇ ಹೆದ್ದಾರಿ ಹಿಡಿದು ಹತ್ತಬೇಕು. ಡರ್ಹಮ್ ಸಮುದ್ರಮಟ್ಟದಿಂದ ಸುಮಾರು 400 ಅಡಿ, ಬೂನ್ 3,333 ಅಡಿ. ನಮ್ಮ ಸಕಲೇಶಪುರಕ್ಕಿಂತ ಸ್ವಲ್ಪ ಜಾಸ್ತಿ, ಮಡಿಕೇರಿಗಿಂತ ಕಮ್ಮಿ. ಇದನ್ನ ತಿಳಿದೇ ನಾನು ಮೋಸ ಹೋದೆ. "ನಮ್ಮೂರಷ್ಟೇ ಎತ್ತರ, ಮಳೆಗಾಲ ಕಂಡವನಿಗೆ ಇದೇನು ಮಹಾ" ಅಂದುಕೊಂಡೆ. ಎತ್ತರ ಒಂದೇ ಆದರೂ ನಾವು ಎಷ್ಟು ಉತ್ತರಕ್ಕಿದ್ದೀವಿ ಅನ್ನೋದನ್ನ ಮರೆತಿದ್ದೆ. ನಮ್ಮೂರಲ್ಲಿ ಕಂಬಳಿ ಹೊದ್ದು ಬಚ್ಚಲೊಲೆ ಮುಂದೆ ಕೂತರೆ ಚಳಿ ಕಳೆಯುತ್ತೆ. ಅಲ್ಲಿ ನಲ್ಲಿಯ ನೀರೇ ಗಟ್ಟಿಯಾಗುತ್ತೆ.

ಹಳೇ ಊರು. 1872ರಲ್ಲಿ ಪಟ್ಟಣವಾಯ್ತು. ಹದಿನೆಂಟನೇ ಶತಮಾನದ ಬೇಟೆಗಾರ ಡೇನಿಯಲ್ ಬೂನ್ ಹೆಸರು ಇಟ್ಟಿದ್ದಾರೆ. 1899ರಲ್ಲಿ ವಟಾಗಾ ಅಕಾಡೆಮಿ ಅಂತ ಶುರುವಾದ ಶಾಲೆ ಬೆಳೆದು ಈಗ ಅಪಲಾಚಿಯನ್ ಸ್ಟೇಟ್ ಯೂನಿವರ್ಸಿಟಿ ಆಗಿದೆ. ಕಿಂಗ್ ಸ್ಟ್ರೀಟಿನ ಇಟ್ಟಿಗೆ ಕಟ್ಟಡಗಳು, ಅದರ ಮೇಲಿನ ಗುಡ್ಡದಲ್ಲಿ ತಲೆಮಾರುಗಳಿಂದ ಕಪ್ಪು ಜನರ ಕುಟುಂಬಗಳು ಬಾಳಿದ ಜುನಲಸ್ಕಾ ಬಡಾವಣೆ, ಸುತ್ತ ಕ್ರಿಸ್ಮಸ್ ಮರದ ತೋಟಗಳು. ನೋಡೋಕೆ ಚೆಂದ.

ಮನೆ ಸಿಗೋದು ಮಾತ್ರ ಕಷ್ಟ. ಕಾರಣ ಸರಳ. 2020ರ ಜನಗಣತಿಯಲ್ಲಿ ಊರಿನ ಜನ ಸುಮಾರು 19 ಸಾವಿರ, ಯೂನಿವರ್ಸಿಟಿಯ ವಿದ್ಯಾರ್ಥಿಗಳು 20 ಸಾವಿರಕ್ಕೂ ಹೆಚ್ಚು. ಬಾಡಿಗೆ ಮನೆಗಳೆಲ್ಲ ವಿದ್ಯಾರ್ಥಿಗಳ ಲೆಕ್ಕದಲ್ಲೇ ನಡೆಯುತ್ತವೆ: ಆಗಸ್ಟ್‌ನಲ್ಲಿ ಶುರು, ಜುಲೈನಲ್ಲಿ ಮುಗಿತಾಯ. ಮುಂದಿನ ವರ್ಷಕ್ಕೆ ಇರ್ತೀರಾ ಇಲ್ಲವಾ ಅಂತ ಹಿಂದಿನ ಚಳಿಗಾಲಕ್ಕೆ ಮುಂಚೆಯೇ ಕೇಳೋಕೆ ಶುರು ಮಾಡ್ತಾರೆ. ಉಳಿದ ಮನೆಗಳಲ್ಲಿ ಎಷ್ಟೋ ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಹೋಗುತ್ತವೆ. ನೀವು ಮಾರ್ಚ್‌ನಲ್ಲೋ ಅಕ್ಟೋಬರ್‌ನಲ್ಲೋ ಹೋದರೆ ಹೆಚ್ಚಾಗಿ ಸಿಗೋದು ಬಿಟ್ಟು ಹೋದ ವಿದ್ಯಾರ್ಥಿಯ ಕೋಣೆ ಇಲ್ಲವೇ ಊರಾಚೆಯ ಮನೆ. ಆದ್ದರಿಂದ ಆಫರ್ ಬಂದ ಕೂಡಲೇ ಮೊದಲು ಮನೆ ಹುಡುಕಿ, ಆಮೇಲೆ ಸೇರೋ ತಾರೀಖು ಹೇಳಿ.

ಜನವರಿಯ ಮನೆ ನೋಡೋದು ಹೇಗೆ

ನನ್ನ ಮೊದಲ ಮನೆ ಊರಿಂದ ಎಂಟು ಮೈಲಿ ಆಚೆ, ಒಂದು ಹಳ್ಳದ ಪಕ್ಕ. ಊರೊಳಗಿನ ಬಾಡಿಗೆಗಿಂತ ತಿಂಗಳಿಗೆ 350 ಡಾಲರ್ ಕಮ್ಮಿ. ಹಸಿರು, ನೀರಿನ ಸದ್ದು, ಮಗಳಿಗೆ ಆಡೋಕೆ ಜಾಗ. ಅದೇ ದಿನ ಸಹಿ ಹಾಕಿಬಿಟ್ಟೆ. ಜನವರಿ ಎರಡನೇ ವಾರ ಹಿಮ ಬಿತ್ತು. ಮನೆಗೆ ಹತ್ತೋ ಜಲ್ಲಿ ರಸ್ತೆ ಖಾಸಗಿ ರಸ್ತೆ, ಅದನ್ನ ಬಳಿಯೋಕೆ ಯಾರೂ ಬರಲ್ಲ. ಮೂರು ದಿನ ಕಾರು ಕೆಳಗಿಳಿಯಲಿಲ್ಲ, ಮೂರು ದಿನದ ಕೂಲಿ ಹೋಯ್ತು. ಆ ತಿಂಗಳ ಕರೆಂಟ್ ಬಿಲ್ಲು ನೋಡಿ ಹೆಂಡತಿ ಸುಮ್ಮನೆ ನನ್ನ ಮುಖ ನೋಡಿದಳು. ಉಳಿಸ್ತೀನಿ ಅಂದುಕೊಂಡ 350 ಡಾಲರ್ ಹೀಟರಿಗೇ ಸುಟ್ಟುಹೋಯ್ತು. ತಪ್ಪು ಮನೆಯದ್ದಲ್ಲ. ಕೇಳಬೇಕಾದ್ದನ್ನ ನಾನು ಕೇಳಿರಲಿಲ್ಲ.

ನೀವು ಕೇಳಿ. ಮೊದಲು ರಸ್ತೆ. ಇದು ರಾಜ್ಯ ಸರ್ಕಾರ ನೋಡಿಕೊಳ್ಳೋ ರಸ್ತೆಯಾ, ಖಾಸಗಿಯಾ? ಖಾಸಗಿಯಾದರೆ ಹಿಮ ತೆಗೆಸೋದು ಯಾರು, ದುಡ್ಡು ಯಾರದ್ದು? ಸರ್ಕಾರದ ಗಾಡಿಗಳೂ ಮೊದಲು ಹೆದ್ದಾರಿ ತೆಗೆದು ಆಮೇಲೆ ಒಳರಸ್ತೆಗೆ ಬರ್ತವೆ. ಜಾಹೀರಾತಿನಲ್ಲಿ "ಫೋರ್ ವೀಲ್ ಡ್ರೈವ್ ಬೇಕು" ಅಂತ ಇದ್ದರೆ ಅದನ್ನ ಅಕ್ಷರಶಃ ನಂಬಿ. ಹಳೇ ಸಣ್ಣ ಕಾರು ಇಟ್ಟುಕೊಂಡು ಆ ಮನೆಗೆ ಹೋಗಬೇಡಿ.

ಎರಡನೇದು ಬಿಸಿ. ಮನೆ ಕಾಯೋದು ಯಾವುದರಿಂದ? ಗೋಡೆ ಬುಡದ ಕರೆಂಟ್ ಹೀಟರಾ, ಹೀಟ್ ಪಂಪಾ, ಪ್ರೊಪೇನ್ ಗ್ಯಾಸಾ, ಸೌದೆಯಾ? ಗ್ಯಾಸ್ ಆದರೆ ಟ್ಯಾಂಕ್ ತುಂಬಿಸೋದು ಯಾರು? ಹೋದ ಜನವರಿಯ ಬಿಲ್ಲು ತೋರಿಸಿ ಅಂತ ನಾಚಿಕೆ ಬಿಟ್ಟು ಕೇಳಿ. ಬಾಡಿಗೆ ಲೆಕ್ಕ ಹಾಕುವಾಗ ಆ ಬಿಲ್ಲನ್ನೂ ಸೇರಿಸಿ.

ಮೂರನೇದು ನೀರು. ಊರಾಚೆ ಬಹಳ ಮನೆಗಳಿಗೆ ಬೋರ್‌ವೆಲ್ ನೀರು, ಸೆಪ್ಟಿಕ್ ಟ್ಯಾಂಕ್. ಕರೆಂಟ್ ಹೋದರೆ ಪಂಪು ನಿಲ್ಲುತ್ತೆ, ನೀರೂ ನಿಲ್ಲುತ್ತೆ. ತುಂಬಾ ಚಳಿಯ ರಾತ್ರಿ ನಲ್ಲಿಯನ್ನ ಸಣ್ಣಗೆ ತೊಟ್ಟಿಕ್ಕೋಕೆ ಬಿಡಿ, ಸಿಂಕ್ ಕೆಳಗಿನ ಬಾಗಿಲು ತೆರೆದಿಡಿ. ಊರಿಗೆ ಹೋಗುವಾಗ ದುಡ್ಡು ಉಳಿಸೋಕೆ ಅಂತ ಹೀಟರ್ ಪೂರ್ತಿ ಆರಿಸಬೇಡಿ, 55 ಡಿಗ್ರಿ ಫ್ಯಾರನ್‌ಹೀಟಿಗಾದರೂ ಇಟ್ಟು ಹೋಗಿ. ಪೈಪು ಒಡೆದು ಮನೆ ನೆನೆದರೆ ಓನರ್ ನಿಮ್ಮ ಕಡೆಗೇ ಬೆರಳು ತೋರಿಸ್ತಾರೆ.

ನಾಲ್ಕನೇದು ಬಸ್ಸು. ಬೂನ್‌ನಲ್ಲಿ ಅಪಲ್‌ಕಾರ್ಟ್ ಅನ್ನೋ ಊರಿನ ಬಸ್ಸಿಗೆ ಟಿಕೆಟ್ ಇಲ್ಲ, ಎಲ್ಲರಿಗೂ ಬಿಟ್ಟಿ. ಕಾರಿಲ್ಲದವರು ಆ ಬಸ್ಸಿನ ದಾರಿಯಲ್ಲೇ ಮನೆ ನೋಡಿ. ಯೂನಿವರ್ಸಿಟಿಗೆ ರಜೆ ಬಂದಾಗ ಬಸ್ಸೂ ಕಮ್ಮಿಯಾಗುತ್ತೆ. ನಿಮ್ಮ ಕೆಲಸಕ್ಕೆ ರಜೆ ಇರಲ್ಲ. ರಜೆಯ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ.

ಡೌನ್‌ಟೌನ್‌ನ ಹಳೇ ಕಟ್ಟಡದಲ್ಲಿ ಮನೆ ಸಿಕ್ಕರೆ ಎರಡು ವಿಷಯ. 1978ಕ್ಕೆ ಮುಂಚೆ ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಬಗ್ಗೆ ತನಗೆ ಗೊತ್ತಿರೋದನ್ನ ಓನರ್ ಬರವಣಿಗೆಯಲ್ಲಿ ಹೇಳಬೇಕು, ಸರ್ಕಾರದ ಪುಸ್ತಿಕೆಯನ್ನೂ ಕೊಡಬೇಕು. ಇದು ಕೇಂದ್ರ ಸರ್ಕಾರದ ಕಾನೂನು. ಬಣ್ಣದ ಚಕ್ಕೆ ಉದುರ್ತಾ ಇರೋ ಕಿಟಕಿ ಪಕ್ಕ ಕೂಸಿನ ತೊಟ್ಟಿಲು ಇಡಬೇಡಿ. ಇನ್ನೊಂದು, ಐತಿಹಾಸಿಕ ಅಂತ ಗುರುತಾದ ಕಡೆ ಹೊರಗಿನ ಕಿಟಕಿ ಬಾಗಿಲು ಬದಲಿಸೋಕೆ ಅನುಮತಿ ಬೇಕಾಗುತ್ತೆ. ಆದ್ದರಿಂದ ಗಾಳಿ ನುಗ್ಗೋ ಕಿಟಕಿಯನ್ನ "ಆಮೇಲೆ ಬದಲಿಸಿಕೊಡ್ತೀನಿ" ಅನ್ನೋ ಮಾತು ನಂಬಿ ಸಹಿ ಹಾಕಬೇಡಿ.

ವಾಸನೆ ಇಲ್ಲದ ವಿಷ

ಇದನ್ನ ಬೇರೆಯಾಗಿ ಹೇಳ್ತೀನಿ, ಜೀವದ ಮಾತು. 2013ರಲ್ಲಿ ಬೂನ್‌ನ ಒಂದು ಹೋಟೆಲಿನ ಒಂದೇ ಕೋಣೆಯಲ್ಲಿ ಎರಡು ತಿಂಗಳ ಅಂತರದಲ್ಲಿ ಮೂವರು ಸತ್ತರು. ಮೊದಲು ವಯಸ್ಸಾದ ಗಂಡ ಹೆಂಡತಿ, ಆಮೇಲೆ 11 ವರ್ಷದ ಹುಡುಗ. ಈಜುಕೊಳದ ನೀರು ಕಾಯಿಸೋ ಹೀಟರಿನಿಂದ ಸೋರಿದ ಕಾರ್ಬನ್ ಮಾನಾಕ್ಸೈಡ್ ಕಾರಣ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ನಿದ್ದೆ. ಜ್ವರ ಬರ್ತಿದೆ ಅಂದುಕೊಂಡು ಮಲಗಿದವರು ಏಳಲ್ಲ.

ಮನೆಯಲ್ಲಿ ಗ್ಯಾಸ್ ಅಥವಾ ಎಣ್ಣೆಯ ಹೀಟರ್, ಬೆಂಕಿಗೂಡು, ಇಲ್ಲವೇ ಅಂಟಿಕೊಂಡ ಗ್ಯಾರೇಜ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಕೊಡೋದು ನಾರ್ತ್ ಕ್ಯಾರೊಲೈನಾದಲ್ಲಿ ಓನರ್ ಜವಾಬ್ದಾರಿ. ಹೊಗೆಯ ಅಲಾರಂ ಎಲ್ಲ ಮನೆಗೂ ಇರಬೇಕು. ಹೋದ ದಿನವೇ ಗುಂಡಿ ಒತ್ತಿ ಕೂಗುತ್ತಾ ನೋಡಿ. ಒಗ್ಗರಣೆ ಹೊಗೆಗೆ ಕೂಗ್ತು ಅಂತ ಬ್ಯಾಟರಿ ಕಿತ್ತಿಡೋದು ನಮ್ಮವರ ಚಾಳಿ. ಬೇಡ, ಕಿಟಕಿ ತೆಗೆಯಿರಿ. ಕರೆಂಟ್ ಹೋದಾಗ ಇದ್ದಿಲ ಒಲೆ, ಜನರೇಟರ್ ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಹಚ್ಚಲೇಬಾರದು. ಮನೆ ಕಾಯಿಸೋಕೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬಾರದು.

ಇಲ್ಲಿಯ ಲೀಸ್ ನಮ್ಮೂರ ಲೀಸ್ ಅಲ್ಲ

ಬೆಂಗಳೂರಿನಲ್ಲಿ "ಲೀಸಿಗೆ ಹಾಕ್ಕೊಂಡಿದ್ದೀವಿ" ಅಂದರೆ ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರೋದು, ಭೋಗ್ಯದ ಥರ. ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು. ಹನ್ನೆರಡು ತಿಂಗಳು ಅಂತ ಸಹಿ ಹಾಕಿದರೆ ಹನ್ನೆರಡು ತಿಂಗಳ ಬಾಡಿಗೆಗೆ ನೀವು ಹೊಣೆ. ನಾಲ್ಕನೇ ತಿಂಗಳಿಗೆ ಬಿಟ್ಟು ಹೊರಟರೆ ಉಳಿದದ್ದನ್ನ ಕೇಳಬಹುದು. ಓನರ್ ಕೂಡ ಬೇರೆಯವರಿಗೆ ಕೊಡೋ ಪ್ರಯತ್ನ ಮಾಡಬೇಕು ಅನ್ನೋದು ಇಲ್ಲಿಯ ನ್ಯಾಯ, ಆದರೆ ಅಲ್ಲಿಯವರೆಗಿನ ನಷ್ಟ ನಿಮ್ಮದೇ. ಕೆಲಸ ಹೋದರೆ ಇಷ್ಟು ದಿನದ ನೋಟಿಸ್ ಕೊಟ್ಟು ಬಿಡಬಹುದು ಅನ್ನೋ ಸಾಲನ್ನ ಸಹಿಗೆ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಎಲ್ಲರೂ ಒಪ್ಪಲ್ಲ, ಒಪ್ಪೋರೂ ಇದ್ದಾರೆ. ನನ್ನ ಎರಡನೇ ಓನರ್ ಒಪ್ಪಿದರು.

ತಿಂಗಳ ಲೆಕ್ಕದ ಬಾಡಿಗೆ ಆದರೆ ಇನ್ನೊಂದು ಅಪಾಯ. ಈ ರಾಜ್ಯದಲ್ಲಿ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, ತಿಂಗಳು ಮುಗಿಯೋ ಏಳು ದಿನ ಮುಂಚೆ ಹೇಳಿದರೆ ಸಾಕು, ಮನೆ ಬಿಡಿಸಬಹುದು. ವಾರದ ಲೆಕ್ಕವಾದರೆ ಎರಡೇ ದಿನ. ನಡುಚಳಿಯಲ್ಲಿ ಏಳು ದಿನಕ್ಕೆ ಬೂನ್‌ನಲ್ಲಿ ಇನ್ನೊಂದು ಮನೆ ಸಿಗಲ್ಲ. ಬಾಡಿಗೆ ಇಷ್ಟಕ್ಕಿಂತ ಏರಿಸಬಾರದು ಅನ್ನೋ ಕಾನೂನೂ ಈ ರಾಜ್ಯದಲ್ಲಿ ಇಲ್ಲ.

ಡಿಪಾಸಿಟ್ ವಿಷಯದಲ್ಲಿ ನಮ್ಮೂರಿಗಿಂತ ಇಲ್ಲಿ ವಾಸಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ವರ್ಷದ ಲೀಸಿಗೆ ಹೆಚ್ಚೆಂದರೆ ಎರಡು ತಿಂಗಳ ಬಾಡಿಗೆ, ತಿಂಗಳ ಲೆಕ್ಕದ್ದಕ್ಕೆ ಒಂದೂವರೆ ತಿಂಗಳು, ವಾರದ ಲೆಕ್ಕಕ್ಕೆ ಎರಡು ವಾರ. ಬಾಡಿಗೆ 1,200 ಡಾಲರ್ ಆದರೆ ವರ್ಷದ ಲೀಸಿಗೆ ಡಿಪಾಸಿಟ್ 2,400 ದಾಟಬಾರದು. ಆ ದುಡ್ಡನ್ನ ಓನರ್ ಬ್ಯಾಂಕಿನ ಟ್ರಸ್ಟ್ ಖಾತೆಯಲ್ಲಿ ಇಡಬೇಕು ಇಲ್ಲವೇ ಬಾಂಡ್ ಕೊಡಬೇಕು, ಎಲ್ಲಿದೆ ಅಂತ 30 ದಿನದೊಳಗೆ ನಿಮಗೆ ತಿಳಿಸಬೇಕು. ಬಿಟ್ಟ ಮೇಲೆ 30 ದಿನದೊಳಗೆ ವಾಪಸ್ಸು ಕೊಡಬೇಕು ಅಥವಾ ಯಾವುದಕ್ಕೆ ಎಷ್ಟು ಹಿಡಿದೆ ಅಂತ ಪಟ್ಟಿ ಕೊಡಬೇಕು. ಲೆಕ್ಕ ಮುಗಿದಿಲ್ಲ ಅಂದರೆ 30 ದಿನಕ್ಕೆ ಅರ್ಧ ಲೆಕ್ಕ, 60 ದಿನಕ್ಕೆ ಪೂರ್ತಿ ಲೆಕ್ಕ. ಬಳಸಿ ಸವೆದದ್ದಕ್ಕೆ ಹಿಡಿಯೋ ಹಾಗಿಲ್ಲ.

ಆ ಹಳ್ಳದ ಮನೆ ಬಿಟ್ಟಾಗ ಓನರ್ ಹಳೇ ಕಾರ್ಪೆಟ್ ನೆಪ ಹೇಳಿ ನನ್ನ 900 ಡಾಲರ್ ಹಿಡಿದರು. ನಾನು ಜಗಳಕ್ಕೆ ಹೋಗಲಿಲ್ಲ. ಸೇರಿದ ದಿನ ಹೆಂಡತಿ ಪ್ರತಿ ಕೋಣೆಯದ್ದೂ ಫೋಟೋ ತೆಗೆದಿದ್ದಳು, ಕಾರ್ಪೆಟ್ಟಿನ ಕಲೆಯೂ ಅದರಲ್ಲಿತ್ತು. ಫೋಟೋ ಇಟ್ಟು, ಟೆನೆಂಟ್ ಸೆಕ್ಯೂರಿಟಿ ಡಿಪಾಸಿಟ್ ಆಕ್ಟ್ ಹೆಸರು ಬರೆದು, ನನ್ನ ಹೊಸ ವಿಳಾಸ ಕೊಟ್ಟು ಒಂದು ರಿಜಿಸ್ಟರ್ಡ್ ಕಾಗದ ಹಾಕಿದೆ. ಎರಡು ವಾರಕ್ಕೆ ಚೆಕ್ ಬಂತು. ಬರದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗಬಹುದಿತ್ತು. ಅಲ್ಲಿ 10,000 ಡಾಲರ್‌ವರೆಗಿನ ವ್ಯಾಜ್ಯ ವಕೀಲರಿಲ್ಲದೆ ನಡೆಸಬಹುದು, ಮಿತಿ ಕೌಂಟಿಯ ಪ್ರಕಾರ ಕಮ್ಮಿಯೂ ಇರಬಹುದು. ಇಂಗ್ಲಿಷ್ ಸಾಲದವರಿಗೆ ಈ ರಾಜ್ಯದ ಕೋರ್ಟು ದುಡ್ಡಿಲ್ಲದೆ ದುಭಾಷಿಯನ್ನ ಕೊಡುತ್ತೆ. ಕನ್ನಡಕ್ಕೆ ಬೇಕು ಅಂತ ಮುಂಚಿತವಾಗಿಯೇ ಕೇಳಬೇಕು.

ಬಾಡಿಗೆ ತಡವಾದರೆ ಐದು ದಿನ ಕಳೆಯೋವರೆಗೆ ದಂಡ ಹಾಕುವಂತಿಲ್ಲ. ಆಮೇಲೂ ತಿಂಗಳ ಬಾಡಿಗೆಗೆ 15 ಡಾಲರ್ ಅಥವಾ ಶೇಕಡಾ 5, ಯಾವುದು ಹೆಚ್ಚೋ ಅಷ್ಟೇ. ನಗದು ಕೊಟ್ಟರೆ ರಸೀತಿ ಇಲ್ಲದೆ ಕೈಬಿಡಬೇಡಿ.

ಒಂದು ತಪ್ಪನ್ನ ಮಾತ್ರ ಮಾಡಬೇಡಿ. ಹೀಟರ್ ಕೆಟ್ಟಿದೆ, ರಿಪೇರಿ ಮಾಡೋವರೆಗೆ ಬಾಡಿಗೆ ಕೊಡಲ್ಲ ಅಂತ ಕೂತರೆ ತಪ್ಪು ನಿಮ್ಮ ಮೇಲೆ ಬರುತ್ತೆ. ಕೋರ್ಟು ಹೇಳೋ ಮುಂಚೆ ಬಾಡಿಗೆ ತಡೆಹಿಡಿಯೋಕೆ ಈ ರಾಜ್ಯದ ಕಾನೂನು ಬಿಡಲ್ಲ. ಮನೆ ವಾಸಕ್ಕೆ ತಕ್ಕ ಹಾಗೆ ಇಡೋದು ಓನರ್ ಕರ್ತವ್ಯ ಹೌದು. ಬರವಣಿಗೆಯಲ್ಲಿ ದೂರು ಕೊಡಿ, ಬಾಡಿಗೆ ಕಟ್ಟಿ, ಸರಿಯಾಗದಿದ್ದರೆ ಕೋರ್ಟಿನಲ್ಲಿ ಕೇಳಿ. ಸದುದ್ದೇಶದಿಂದ ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳೋಕೆ ಮನೆ ಬಿಡಿಸೋದರ ವಿರುದ್ಧವೂ ರಕ್ಷಣೆ ಇದೆ.

ಜೊತೆಗಾರರೊಂದಿಗೆ ಮನೆ ಮಾಡಿದರೆ ಲೀಸ್ ಕೋಣೆ ಕೋಣೆಗೆ ಬೇರೆಯಾ, ಎಲ್ಲರದ್ದೂ ಒಟ್ಟಿಗಾ ನೋಡಿ. ಒಟ್ಟಿಗೆ ಆದರೆ ಒಬ್ಬ ಓಡಿಹೋದರೆ ಅವನ ಪಾಲೂ ನಿಮ್ಮ ತಲೆಗೆ. ಒಂದೇ ಮನೆಗೆ ಆರೇಳು ಜನ ತುಂಬೋದಕ್ಕೂ ಮುಂಚೆ ಲೀಸಿನಲ್ಲಿ, ಊರಿನ ನಿಯಮದಲ್ಲಿ ಎಷ್ಟು ಜನಕ್ಕೆ ಅವಕಾಶ ಅಂತ ಕೇಳಿ.

ಕಾಗದದ ತಲೆಬರಹವನ್ನೂ ಓದಿ. "ವೆಕೇಶನ್ ರೆಂಟಲ್" ಅಂತ ಇದ್ದರೆ ಅದು ಪ್ರವಾಸಿಗಳ ಕರಾರು, ಅದರ ಕಾನೂನೇ ಬೇರೆ, ಅಲ್ಲಿ ಬಿಡಿಸೋದೂ ಬೇಗ. ಚಳಿಗಾಲಕ್ಕೆ ಅಗ್ಗವಾಗಿ ಕೊಟ್ಟು ಪ್ರವಾಸಿಗಳು ಬರೋ ಹೊತ್ತಿಗೆ ಬಿಡಿ ಅನ್ನೋ ಮನೆಗಳೂ ಇವೆ.

ಮೋಸದ ಬಗ್ಗೆ ಒಂದು ಮಾತು. "ನಾನು ಪರದೇಶದಲ್ಲಿದ್ದೀನಿ, ಡಿಪಾಸಿಟ್ ಜೆಲ್ಲಿನಲ್ಲಿ ಕಳಿಸಿ, ಬೀಗದ ಕೈ ಪೋಸ್ಟಿನಲ್ಲಿ ಬರುತ್ತೆ" ಅಂದರೆ ಅದು ಮೋಸವೇ. ಮನೆ ಒಳಗೆ ಕಾಲಿಡದೆ ಒಂದು ಡಾಲರ್ ಕೊಡಬೇಡಿ. ಮನೆ ಯಾರ ಹೆಸರಲ್ಲಿದೆ ಅಂತ ಕೌಂಟಿಯ ಆಸ್ತಿ ತೆರಿಗೆ ದಾಖಲೆಯಲ್ಲಿ ಯಾರು ಬೇಕಾದರೂ ನೋಡಬಹುದು. ದೂರಿಗೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗ ಇದೆ. ನಮ್ಮ ದೇಶ, ಬಣ್ಣ, ಧರ್ಮ, ಮಕ್ಕಳಿರೋದು ನೋಡಿ ಮನೆ ಇಲ್ಲ ಅಂದರೆ ಅದು ಫೇರ್ ಹೌಸಿಂಗ್ ಕಾನೂನಿಗೆ ವಿರುದ್ಧ. ಕೇಂದ್ರದ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು.

ಕೆಲಸದ ಜೊತೆ ಬರೋ ಕೋಣೆ

ಇದು ನನ್ನ ಎರಡನೇ ಮಾತು. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗ, ಉಡುಪಿ ಕಡೆಯವನು. ಮೊದಲು ಕೆಲಸಕ್ಕಿದ್ದ ಜಾಗದಲ್ಲಿ ಅವರೇ ಕೋಣೆ ಕೊಟ್ಟಿದ್ದರು, ಸಂಬಳದಲ್ಲಿ ಬಾಡಿಗೆ ಮುರಿದುಕೊಳ್ಳುತ್ತಿದ್ದರು. ಕಾಗದ ಇಲ್ಲ. ಆರಾಮವಾಗಿದ್ದ. ಒಂದು ಸಂಜೆ ಮೇಲಿನವರೊಂದಿಗೆ ಮಾತಿಗೆ ಮಾತು ಬೆಳೆದು ಕೆಲಸ ಹೋಯ್ತು. "ರಾತ್ರಿಯೊಳಗೆ ಕೋಣೆ ಖಾಲಿ ಮಾಡು" ಅಂದರು. ಹೊರಗೆ ಹಿಮ. ಎರಡು ಸೂಟ್‌ಕೇಸ್ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತು ನನಗೆ ಫೋನ್ ಮಾಡಿದ. ಮೂರು ವಾರ ನಮ್ಮ ಹಾಲಿನಲ್ಲಿ ಮಲಗಿದ. "ಅತ್ತಿಗೆ, ನಾನು ಏನಾದರೂ ಮಾತಾಡಿದ್ದರೆ ತಾನೇ ಹೀಗಾಗಿದ್ದು, ಸುಮ್ಮನಿರಬೇಕಿತ್ತು" ಅಂತ ನನ್ನ ಹೆಂಡತಿ ಹತ್ತಿರ ದಿನಾ ಅನ್ನೋನು. ಸಂಬಳದ ವಿಷಯ ಕೇಳಿದ್ದೇ ಅವನ ಅಪರಾಧ. ಮನೆ ಅವರ ಕೈಯಲ್ಲಿದ್ದರೆ ಬಾಯಿಯೂ ಅವರ ಕೈಯಲ್ಲೇ.

ಕಾನೂನು ಹೀಗಿದೆ. ಬಾಡಿಗೆದಾರನನ್ನ ಹೊರಹಾಕೋಕೆ ಓನರ್ ಕೋರ್ಟಿಗೆ ಹೋಗಲೇಬೇಕು. ಬೀಗ ಬದಲಿಸೋದು, ಕರೆಂಟು ನೀರು ಕೀಳೋದು, ಸಾಮಾನು ಹೊರಗೆಸೆಯೋದು ಮಾಡುವಂತಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ವಿಚಾರಣೆ ಆಗಬೇಕು, ತೀರ್ಪು ವಿರುದ್ಧ ಬಂದರೆ ಮೇಲ್ಮನವಿಗೆ ಹತ್ತು ದಿನ ಇದೆ. ಕೋರ್ಟಿನ ಕಾಗದ ಬಂದರೆ ಹೆದರಿ ಮೂಲೆಗಿಡಬೇಡಿ. ಆ ದಿನ ಹೋಗದಿದ್ದರೆ ನಿಮ್ಮ ಮಾತಿಲ್ಲದೆಯೇ ತೀರ್ಪಾಗುತ್ತೆ. ಆದರೆ ಹೋಟೆಲಿನ ಕೋಣೆಗೋ, ಕೆಲಸದ ಭಾಗವಾಗಿ ಕೊಟ್ಟ ಜಾಗಕ್ಕೋ ಇದೇ ರಕ್ಷಣೆ ಪೂರ್ತಿ ಸಿಗುತ್ತೆ ಅಂತ ನಂಬಿ ಕೂರಬೇಡಿ, ಅಲ್ಲಿ ಲೆಕ್ಕ ಬೇರೆಯಾಗಬಹುದು. ಆದ್ದರಿಂದ ಕೋಣೆ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ: ಬಾಡಿಗೆ ಎಷ್ಟು, ಸಂಬಳದಲ್ಲಿ ಎಷ್ಟು ಮುರಿಯುತ್ತಾರೆ, ಕೆಲಸ ಬಿಟ್ಟರೆ ಎಷ್ಟು ದಿನ ಇರಬಹುದು. ಕೈಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಬೇರೆ ಇಡಿ. ಪಾಸ್‌ಪೋರ್ಟನ್ನ ಯಾರ ಲಾಕರಿನಲ್ಲೂ ಇಡಬೇಡಿ.

ವೀಸಾದವರು ಗಮನಿಸಿ

ಹೊಸ ಮನೆಗೆ ಹೋದ 10 ದಿನದೊಳಗೆ ಎಆರ್-11 ಅನ್ನೋ ವಿಳಾಸ ಬದಲಾವಣೆಯನ್ನ ಆನ್‌ಲೈನ್‌ನಲ್ಲಿ ತಿಳಿಸಬೇಕು. ಮನೆಯಲ್ಲಿರೋ ಪ್ರತಿಯೊಬ್ಬರ ಹೆಸರಲ್ಲೂ, ದುಡ್ಡು ಇಲ್ಲ. ಜೆ-1 ಹುಡುಗರು ಸ್ಪಾನ್ಸರ್‌ಗೂ ತಿಳಿಸಬೇಕು.

ಎಚ್-1ಬಿ ಮೇಲೆ ಮನೆಯಿಂದಲೇ ಕೆಲಸ ಮಾಡೋರು ಇನ್ನೂ ಹುಷಾರಾಗಿರಿ. ನಿಮ್ಮ ಮನೆಯೇ ಕೆಲಸದ ಜಾಗ. ಡರ್ಹಮ್ ವಲಯದಿಂದ ಬೂನ್‌ಗೆ ಹೋದರೆ ಕೆಲಸದ ಜಾಗ ಬದಲಾದಂತೆ. 2015ರ ಸಿಮಿಯೋ ತೀರ್ಮಾನದ ಪ್ರಕಾರ ಹಾಗೆ ಬೇರೆ ವಲಯಕ್ಕೆ ಹೋಗೋ ಮುಂಚೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಬೆಟ್ಟದ ಮೇಲೆ ಬಾಡಿಗೆ ಕರಾರಿಗೆ ಸಹಿ ಹಾಕಿ ಆಮೇಲೆ ಕಂಪನಿಗೆ ಹೇಳೋದಲ್ಲ. ಮೊದಲು ಕಂಪನಿಯ ವಕೀಲರು, ಆಮೇಲೆ ಮನೆ. ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ, ಲೀಸ್ ಮಾತ್ರ ಹನ್ನೆರಡು ತಿಂಗಳದ್ದು ಅನ್ನೋದನ್ನೂ ನೆನಪಿಡಿ.

ಹಳ್ಳ ಹೊಳೆಯಾದ ದಿನ

2024ರ ಸೆಪ್ಟೆಂಬರ್ 27, ಶುಕ್ರವಾರ. ಹೆಲೀನ್ ಚಂಡಮಾರುತ. ಅಷ್ಟು ಹೊತ್ತಿಗೆ ನಾವು ಹಳ್ಳದ ಮನೆ ಬಿಟ್ಟು ಊರೊಳಗೆ ಬಸ್ಸಿನ ದಾರಿಯಲ್ಲಿ, ಎತ್ತರದಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಬಂದು ವರ್ಷ ಕಳೆದಿತ್ತು. ಮುಂಜಾನೆಯಿಂದ ಸುರಿದ ಮಳೆ ನಮ್ಮ ಮಲೆನಾಡಿನ ಆಷಾಢಕ್ಕೂ ಮೀರಿದ್ದು. ಕರೆಂಟ್ ಹೋಯ್ತು, ಫೋನ್ ಸತ್ತಿತು, ರಸ್ತೆಗಳು ಕಿತ್ತುಹೋದವು. ನಾವು ಮೊದಲಿದ್ದ ಮನೆಯ ಜಲ್ಲಿ ದಾರಿ ಪೂರ್ತಿ ಹಳ್ಳದ ಪಾಲಾಯ್ತು ಅಂತ ಆಮೇಲೆ ತಿಳೀತು. ಆ ರಾತ್ರಿ ಮಗಳು ಅಲ್ಲಿ ಮಲಗಿದ್ದಿದ್ದರೆ ಅಂತ ಈಗಲೂ ಎಷ್ಟೋ ಸಲ ಎಚ್ಚರವಾಗುತ್ತೆ. ಈ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಇದು ಹೊಸದಲ್ಲ. 1940ರ ಆಗಸ್ಟ್‌ನ ಪ್ರವಾಹದಲ್ಲಿ ಬೂನ್‌ಗೆ ಬರ್ತಿದ್ದ ರೈಲು ಹಳಿಯೇ ಕೊಚ್ಚಿಹೋಯ್ತು, ಮತ್ತೆ ಹಾಕಲೇ ಇಲ್ಲ. ನಮ್ಮಲ್ಲಿ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ನಿಮಗೆಲ್ಲ ನೆನಪಿದೆ. ಬೆಟ್ಟ ಎಲ್ಲಿದ್ದರೂ ಬೆಟ್ಟವೇ. ನೀರು ತನ್ನ ದಾರಿ ಮರೆಯಲ್ಲ.

ಆದ್ದರಿಂದ ಹಳ್ಳದ ಪಕ್ಕದ ಮನೆ ಕಂಡರೆ, ಕಡಿದ ಗುಡ್ಡದ ಬುಡದ ಮನೆ ಕಂಡರೆ "ಹೆಲೀನ್ ಬಂದಾಗ ಇಲ್ಲಿ ಏನಾಯ್ತು?" ಅಂತ ಓನರನ್ನೂ ಕೇಳಿ, ಪಕ್ಕದ ಮನೆಯವರನ್ನೂ ಕೇಳಿ. ರಾಜ್ಯದ ಪ್ರವಾಹ ನಕ್ಷೆ ಆನ್‌ಲೈನ್‌ನಲ್ಲಿದೆ, ವಿಳಾಸ ಹಾಕಿ ನೋಡಬಹುದು. ಬಾಡಿಗೆದಾರರ ವಿಮೆ ಮಾಡಿಸಿ, ಆದರೆ ಸಾಮಾನ್ಯವಾಗಿ ಅದು ಪ್ರವಾಹಕ್ಕೆ ದುಡ್ಡು ಕೊಡಲ್ಲ. ಅದಕ್ಕೆ ಕೇಂದ್ರದ ಪ್ರವಾಹ ವಿಮೆ ಬೇರೆ ಇದೆ. ಬಾಡಿಗೆದಾರರ ಸಾಮಾನಿಗೂ 1,00,000 ಡಾಲರ್‌ವರೆಗೆ ಸಿಗುತ್ತೆ. ಮಾಡಿಸಿದ 30 ದಿನದ ಮೇಲೇ ಅದು ಜಾರಿಗೆ ಬರೋದು, ಮೋಡ ಕಂಡ ಮೇಲೆ ಓಡಿದರೆ ಆಗಲ್ಲ.

ಇನ್ನೊಂದು ಕಹಿ ಸತ್ಯ. ಫೇಮಾ ಕೊಡೋ ನಗದು ಪರಿಹಾರ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡಿನಂಥ ಕೆಲವು ವರ್ಗದವರಿಗೆ ಮಾತ್ರ. ಎಚ್-1ಬಿ, ಜೆ-1 ಮೇಲಿರೋರಿಗೆ ಅವರ ಹೆಸರಲ್ಲಿ ಸಿಗಲ್ಲ. ಇಲ್ಲಿ ಹುಟ್ಟಿದ ಮಗು ಮನೆಯಲ್ಲಿದ್ದರೆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ತಂಗೋ ಜಾಗ, ಊಟ, ನೀರಿನಂಥ ತುರ್ತು ನೆರವನ್ನ ಯಾರೂ ವೀಸಾ ಕೇಳಿ ಕೊಡಲ್ಲ, ಹಿಂಜರಿಯದೆ ಹೋಗಿ. 211ಕ್ಕೆ ಫೋನ್ ಮಾಡಿದರೆ ಎಲ್ಲಿ ಏನು ಸಿಗುತ್ತೆ ಅಂತ ಹೇಳ್ತಾರೆ. ಲೀಗಲ್ ಏಡ್ ಆಫ್ ನಾರ್ತ್ ಕ್ಯಾರೊಲೈನಾ ಸಂಸ್ಥೆ ಮನೆ ಬಿಡಿಸೋ ಕೇಸುಗಳಲ್ಲಿ ಬಿಟ್ಟಿ ನೆರವು ಕೊಡುತ್ತೆ, ಅದಕ್ಕೂ ಆದಾಯ ಮತ್ತು ವೀಸಾದ ನಿಯಮ ಇದೆ. ನಿಮಗೆ ಸಿಗುತ್ತಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹಾಗಾದರೆ ಹೋಗಬೇಡಿ ಅಂತೀನಾ?

ಇಲ್ಲ. ನನ್ನ ಮಗಳು ಓದು ಕಲಿತದ್ದು ಅಲ್ಲಿ. ಹೆಲೀನ್ ಆದ ಮೂರನೇ ದಿನ, ನಾವು ಹೆಸರೂ ಕೇಳಿರದ ಪಕ್ಕದ ಮನೆಯ ಅಜ್ಜ ತನ್ನ ಟ್ರಕ್ಕಿನಲ್ಲಿ ನೀರಿನ ಡಬ್ಬ ತಂದಿಟ್ಟು ಹೋದ. ನನ್ನ ಹೆಂಡತಿ ಕ್ಯಾಂಪಿಂಗ್ ಸ್ಟೌವ್ ಹೊರಗಿಟ್ಟು ಇಡೀ ಮಹಡಿಗೆ ಉಪ್ಪಿಟ್ಟು ಮಾಡಿದಳು. ಸಣ್ಣ ಊರಲ್ಲಿ ಒಬ್ಬರಿಗೊಬ್ಬರು ಗೊತ್ತು, ಅದು ದೊಡ್ಡ ಬಲ. ಹೋದ ವಾರವೇ ಅಕ್ಕಪಕ್ಕದವರಿಗೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ.

ನಮ್ಮ ಅಡುಗೆ ಸಾಮಾನು ಅಲ್ಲಿ ಸುಲಭಕ್ಕೆ ಸಿಗಲ್ಲ. ನಾವು ಎರಡು ತಿಂಗಳಿಗೊಮ್ಮೆ ಕ್ಯಾರಿ, ಮೋರಿಸ್‌ವಿಲ್‌ಗೆ ಬಂದು ಅಕ್ಕಿ, ಬೇಳೆ, ರಾಗಿಹಿಟ್ಟು ತುಂಬಿಸಿಕೊಂಡು, ದೇವಸ್ಥಾನಕ್ಕೂ ಹೋಗಿ ಹತ್ತುತ್ತಿದ್ದೆವು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲ್ಲ; ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟರೆ ಬೆಳಿಗ್ಗೆ ಉಕ್ಕಿರುತ್ತೆ. ಅಕ್ಟೋಬರ್ ಮುಗಿಯೋದರೊಳಗೆ ಒಳ್ಳೇ ಬೂಟು, ಟಾರ್ಚು, ಮೂರು ದಿನದ ನೀರು, ಔಷಧಿ, ಫೋನ್ ಚಾರ್ಜ್ ಮಾಡೋ ಬ್ಯಾಟರಿ ಮನೆಯಲ್ಲಿರಲಿ. ಫೋನ್ ಸಿಗ್ನಲ್ ಇಲ್ಲದ ಕಣಿವೆಗಳಿವೆ. ಮನೆ ನೋಡೋ ದಿನವೇ ಒಳಗೆ ನಿಂತು ಒಂದು ಕಾಲ್ ಮಾಡಿ ನೋಡಿ.

ಮುಗಿಸ್ತೀನಿ. ಸಹಿ ಹಾಕೋ ಮುಂಚೆ ಇಷ್ಟು ಕೇಳಿಕೊಳ್ಳಿ. ಹಿಮ ಬಿದ್ದ ಬೆಳಿಗ್ಗೆ ನಾನು ಈ ಮನೆಯಿಂದ ಕೆಲಸಕ್ಕೆ ಹೋಗಬಲ್ಲೆನಾ? ಜನವರಿಯ ಬಿಲ್ಲು ಸೇರಿಸಿದರೂ ಬಾಡಿಗೆ ಕೈಗೆಟುಕುತ್ತಾ? ಹಳ್ಳ ಉಕ್ಕಿದರೆ ಮನೆಯವರನ್ನ ಕರೆದುಕೊಂಡು ಹೊರಬೀಳೋ ದಾರಿ ಇದೆಯಾ? ನಾಳೆ ಕೆಲಸ ಹೋದರೂ ನಾಳಿದ್ದು ಮಲಗೋಕೆ ಜಾಗ ಇದೆಯಾ? ನಾಲ್ಕಕ್ಕೂ ಹೌದು ಅಂತ ಬಂದರೆ ಸಹಿ ಹಾಕಿ. ಒಂದಕ್ಕೆ ಇಲ್ಲ ಅಂದರೂ ಇನ್ನೊಂದು ಮನೆ ನೋಡಿ. ನೋಡೋವರೆಗೆ ಇರೋಕೆ ಜಾಗ ಬೇಕಾದರೆ ನಮ್ಮಲ್ಲಿ ಯಾರನ್ನಾದರೂ ಕೇಳಿ. ಸಂಕೋಚ ಬೇಡ, ನಾವೂ ಒಂದು ಕಾಲಕ್ಕೆ ಇನ್ನೊಬ್ಬರ ಹಾಲಿನಲ್ಲಿ ಚಾಪೆ ಹಾಸಿ ಮಲಗಿದವರೇ.